ಸರ್ವರ್ ನಿಗಾಕ್ಕೆ ಯಾವ ವೆಬ್ ಆ್ಯಪ್? ಗ್ರಾಫ್ ಬಿಡಿ, ಅಲರ್ಟ್ ನೋಡಿ ಆರಿಸಿ

ಸರ್ವರ್ ಬಿದ್ದಿದೆ ಅಂತ ನಿಮಗೆ ಬಳಕೆದಾರರಿಂದ ತಿಳಿದರೆ ಆಗಲೇ ತಡವಾಗಿದೆ. ಅವರಿಗಿಂತ ಮೊದಲು ನಿಮಗೆ ಗೊತ್ತಾಗಬೇಕು. ಸಾಧ್ಯವಾದರೆ ಬೀಳುವ ಮೊದಲೇ ಗೊತ್ತಾಗಬೇಕು. ದೂರದಲ್ಲಿ ಕೂತು ಸರ್ವರ್ ಮೇಲೆ ಕಣ್ಣಿಡುವ ವೆಬ್ ಆ್ಯಪ್ ಹಾಕಿಕೊಳ್ಳುವುದು ಇದಕ್ಕಾಗಿಯೇ.

ಅಂಥ ಆ್ಯಪ್‌ಗಳು ಹತ್ತಾರು ಇವೆ. ಅವುಗಳಲ್ಲಿ ಒಳ್ಳೆಯವೇ ಜಾಸ್ತಿ, ಉಚಿತವಾಗಿಯೂ ಸಿಗುತ್ತವೆ. ಹಾಗಾಗಿಯೇ ಆರಿಸುವುದು ಕಷ್ಟ. ಎಲ್ಲದರ ಮುಖಪುಟದಲ್ಲೂ ಬಣ್ಣಬಣ್ಣದ ಗ್ರಾಫ್ ಇರುತ್ತದೆ, ಅದನ್ನು ನೋಡಿ ಮರುಳಾಗುವವರೇ ಹೆಚ್ಚು. ಆದರೆ ಗ್ರಾಫನ್ನು ಜನ ಆಸಕ್ತಿಯಿಂದ ನೋಡುವುದು ಮೊದಲ ಒಂದೆರಡು ವಾರ. ಆಮೇಲೆ ಆ ಟ್ಯಾಬ್ ತೆರೆಯುವುದು ಏನಾದರೂ ಕೆಟ್ಟಾಗ ಮಾತ್ರ. ದಿನವೂ ದುಡಿಯುವುದು ಅಲರ್ಟ್. ಸರಿಯಾದ ಕಾರಣಕ್ಕೆ, ಸರಿಯಾದ ಹೊತ್ತಿಗೆ, ಸರಿಯಾದವರ ಫೋನು ಸದ್ದು ಮಾಡುತ್ತದಾ? ಇಲ್ಲಿ ಪ್ರತಿಯೊಂದು ಆ್ಯಪನ್ನೂ ನಾನು ಮುಖ್ಯವಾಗಿ ಈ ಅಳತೆಯಲ್ಲೇ ನೋಡುತ್ತೇನೆ.

ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು?

ನಿಗಾ ಅನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು, ಸೈಟ್ ಹೊರಗಿನವರಿಗೆ ತೆರೆಯುತ್ತಿದೆಯಾ ಇಲ್ವಾ ಅಂತ ನೋಡುವುದು. ಇದಕ್ಕೆ ಸರ್ವರ್ ಒಳಗೆ ಏನನ್ನೂ ಹಾಕಬೇಕಿಲ್ಲ. ಹೊರಗಿನಿಂದ ಆಗಾಗ ಬಾಗಿಲು ತಟ್ಟಿದರೆ ಸಾಕು.

ಎರಡನೆಯದು, ಒಳಗೆ ಏನಾಗುತ್ತಿದೆ ಅಂತ ತಿಳಿಯುವುದು. ಸೈಟ್ ತೆರೆಯುತ್ತಿದೆ, ಆದರೆ ನಿಧಾನ. ಸಿಪಿಯು ತುಂಬಿದೆಯಾ, ಡಿಸ್ಕ್ ಓದು ಬರಹ ಸಿಕ್ಕಿಕೊಂಡಿದೆಯಾ, ಮೆಮೊರಿ ಸಾಲದೆ ಸ್ವಾಪ್‌ಗೆ (ಮೆಮೊರಿಯ ಬದಲು ಬಳಸುವ ಡಿಸ್ಕ್ ಜಾಗಕ್ಕೆ) ಹೋಗುತ್ತಿದೆಯಾ? ಇದಕ್ಕೆ ಸರ್ವರ್ ಒಳಗೆ ಒಂದು ಏಜೆಂಟ್, ಅಂದರೆ ಅಂಕಿಗಳನ್ನು ಅಳೆದು ಕೊಡುವ ಚಿಕ್ಕ ಪ್ರೋಗ್ರಾಂ, ಬೇಕೇ ಬೇಕು.

ಮೂರನೆಯದು ಇತಿಹಾಸ. ಹೋದ ತಿಂಗಳಿಗಿಂತ ಡೇಟಾಬೇಸ್ ಎಷ್ಟು ಬೆಳೆದಿದೆ? ಡಿಸ್ಕ್ ಇನ್ನೆಷ್ಟು ದಿನಕ್ಕೆ ತುಂಬುತ್ತದೆ? ಇದಕ್ಕೆ ತಿಂಗಳುಗಟ್ಟಲೆ ಅಂಕಿಗಳನ್ನು ಕೂಡಿಡುವ ಜಾಗ ಮತ್ತು ಅವುಗಳನ್ನು ಕೆದಕಿ ಪ್ರಶ್ನೆ ಕೇಳಲು ಒಂದು ಕ್ವೆರಿ ಭಾಷೆ ಬೇಕು.

ಈ ಮೂರನ್ನೂ ಒಂದೇ ಆ್ಯಪ್ ಚೆನ್ನಾಗಿ ಮಾಡುವುದು ಅಪರೂಪ. ಒಂದೆರಡೇ ಸರ್ವರ್ ಇರುವವರಿಗೆ ಸಾಮಾನ್ಯವಾಗಿ ಬೇಕಾಗುವುದು ಮೊದಲನೆಯದು ಪೂರ್ತಿ, ಎರಡನೆಯದು ಸ್ವಲ್ಪ. ಅವರೇ ಮೂರನೆಯದಕ್ಕಾಗಿ ಮಾಡಿದ ದೊಡ್ಡ ವ್ಯವಸ್ಥೆ ಹಾಕಿಕೊಂಡು, ಅದನ್ನು ಸಂಭಾಳಿಸುವುದರಲ್ಲೇ ಸುಸ್ತಾಗುತ್ತಾರೆ. ಹಾಗಾಗಿ ಯಾವ ಪ್ರಶ್ನೆ ನಿಮ್ಮದು ಅಂತ ಮೊದಲು ಬರೆದಿಟ್ಟುಕೊಳ್ಳಿ.

ಆ್ಯಪ್ ಎಲ್ಲಿ ಕೂರಬೇಕು?

ಯಾವ ಆ್ಯಪ್ ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ನೋಡಬೇಕಾದ ಸರ್ವರ್ ಮೇಲೆಯೇ ನಿಗಾ ಆ್ಯಪ್ ಹಾಕಿದರೆ, ಕಾವಲುಗಾರನನ್ನು ಮನೆಯೊಳಗೆ ಕೂಡಿ ಬೀಗ ಜಡಿದ ಹಾಗೆ. ಸರ್ವರ್ ಬಿದ್ದಾಗ ಆ್ಯಪ್ ಕೂಡ ಬಿತ್ತು. ಅಲರ್ಟ್ ಬರುವುದೇ ಇಲ್ಲ. ಬರದೇ ಇದ್ದಾಗ ನೀವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ.

ಬೇರೆ ಯಂತ್ರದಲ್ಲಿ ಹಾಕುವುದು ಕನಿಷ್ಠ. ಬೇರೆ ಡೇಟಾ ಸೆಂಟರ್ ಆದರೆ ಒಳ್ಳೆಯದು. ಬೇರೆ ಕಂಪನಿಯ ನೆಟ್‌ವರ್ಕ್ ಆದರೆ ಇನ್ನೂ ಒಳ್ಳೆಯದು. ಬರೀ ಹೊರಗಿನ ಪರೀಕ್ಷೆಗಾದರೆ ಚಿಕ್ಕ ವರ್ಚುವಲ್ ಮಷೀನ್ ಸಾಕು. ಇನ್ನೊಂದು ವಿಷಯ: ಅಲರ್ಟ್ ಇಮೇಲ್ ಕಳಿಸುವ ಮೇಲ್ ಸರ್ವರ್ ಕೂಡ ನೀವು ಕಾಯುತ್ತಿರುವ ಯಂತ್ರದಲ್ಲೇ ಇದ್ದರೆ, ಆ್ಯಪ್ ಹೊರಗಿದ್ದೂ ಪ್ರಯೋಜನವಿಲ್ಲ. ಸೈಟ್ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ಡಿಎನ್‌ಎಸ್‌ಗೂ ಇದೇ ಮಾತು.

ಅಪ್‌ಟೈಮ್ ಕೂಮಾ: ಬಾಗಿಲು ತಟ್ಟುವ ಕೆಲಸಕ್ಕೆ

2021ರಲ್ಲಿ ಬಂದ ಈ ಆ್ಯಪ್ ಬೇಗ ಜನಪ್ರಿಯವಾಗಲು ಕಾರಣವಿದೆ. ಆ್ಯಪ್‌ಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ಡಾಕರ್‌ನಲ್ಲಿ ಒಂದೇ ಕಂಟೇನರ್ ಓಡಿಸಿದರೆ ಮುಗಿಯಿತು. ಪೋರ್ಟ್ (ಯಂತ್ರದ ಒಂದೊಂದು ಸೇವೆಗೂ ಇರುವ ಬಾಗಿಲಿನ ನಂಬರ್) 3001ರಲ್ಲಿ ವೆಬ್ ಪುಟ ತೆರೆಯುತ್ತದೆ, ಅಲ್ಲೇ ಅಡ್ಮಿನ್ ಖಾತೆ ಮಾಡಿಕೊಂಡು ವಿಳಾಸಗಳನ್ನು ಸೇರಿಸುತ್ತಾ ಹೋಗಬಹುದು. ಕಾನ್ಫಿಗ್ ಫೈಲ್ ಮುಟ್ಟುವ ಕೆಲಸವೇ ಇಲ್ಲ.

ವೆಬ್ ವಿಳಾಸ, ಟಿಸಿಪಿ ಪೋರ್ಟ್, ಪಿಂಗ್, ಡಿಎನ್‌ಎಸ್ ಇವೆಲ್ಲವನ್ನೂ ಇದು ಪರೀಕ್ಷಿಸುತ್ತದೆ. ನನಗೆ ಬಹಳ ಹಿಡಿಸಿದ್ದು ಕೀವರ್ಡ್ ಪರೀಕ್ಷೆ. ಪುಟ 200 (ಎಲ್ಲ ಸರಿ) ಅನ್ನುವ ಉತ್ತರ ಕೊಟ್ಟ ಮಾತ್ರಕ್ಕೆ ಸೈಟ್ ಸರಿಯಿದೆ ಅಂತಲ್ಲ. ಡೇಟಾಬೇಸ್ ಸತ್ತಿದ್ದರೂ ಎಷ್ಟೋ ಸೈಟ್‌ಗಳು ಖಾಲಿ ಪುಟವನ್ನು 200ರ ಜೊತೆಗೇ ಕಳಿಸುತ್ತವೆ. ಪುಟದಲ್ಲಿ ಇರಲೇಬೇಕಾದ ಒಂದು ಪದವನ್ನು ಹುಡುಕಿಸಿದರೆ ಈ ಮೋಸ ನಡೆಯುವುದಿಲ್ಲ. ಡೇಟಾಬೇಸ್‌ನಿಂದಲೇ ಬರುವ ಪದವನ್ನು ಆರಿಸಿಕೊಳ್ಳಿ.

ಸೈಟ್‌ಗೆ ಎಚ್‌ಟಿಟಿಪಿಎಸ್ ಕೊಡುವ ಟಿಎಲ್‌ಎಸ್ ಸರ್ಟಿಫಿಕೇಟ್ ಅವಧಿ ಮುಗಿಯುವ ಮೊದಲು ಎಚ್ಚರಿಸುವ ಸೌಲಭ್ಯವೂ ಇದೆ. ಇದು ಈಗ ಮೊದಲಿಗಿಂತ ಮುಖ್ಯ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸಾಮಾನ್ಯ ಸರ್ಟಿಫಿಕೇಟ್‌ಗೆ 90 ದಿನ ಆಯಸ್ಸು. ಮುಗಿಯುವ ಮೊದಲು ಆ ಸಂಸ್ಥೆ ಕಳಿಸುತ್ತಿದ್ದ ನೆನಪಿನ ಇಮೇಲ್ 2025ರ ಜೂನ್‌ನಲ್ಲಿ ನಿಂತುಹೋಗಿದೆ. ತಾನಾಗಿಯೇ ನವೀಕರಣ ಆಗುವ ಹಾಗೆ ಎಲ್ಲರೂ ಮಾಡಿಟ್ಟಿರುತ್ತಾರೆ, ನಿಜ. ಆದರೆ ಆ ಸ್ಕ್ರಿಪ್ಟ್ ಯಾವತ್ತೋ ನಿಂತಿದ್ದರೆ ಹೇಳುವವರು ಬೇಕಲ್ಲ.

ಮಿತಿಯೂ ಸ್ಪಷ್ಟ. ಇದು ಸರ್ವರ್ ಒಳಗೆ ಇಣುಕುವುದಿಲ್ಲ. ಡಿಸ್ಕ್ 98 ಶೇಕಡಾ ತುಂಬಿದ್ದರೂ ಪುಟ ತೆರೆಯುತ್ತಿದ್ದರೆ ಇದಕ್ಕೆ ಎಲ್ಲವೂ ಹಸಿರೇ. ಇನ್ನೊಂದು ಎಚ್ಚರಿಕೆ: ಇದು ಎಸ್‌ಕ್ಯೂಲೈಟ್ ಅನ್ನುವ ಒಂದೇ ಫೈಲಿನ ಡೇಟಾಬೇಸ್ ಬಳಸುತ್ತದೆ, ಹಾಗಾಗಿ ಡೇಟಾ ಫೋಲ್ಡರನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಡಿಸ್ಕ್) ಮೇಲೆ ಇಡಬೇಡಿ. ಫೈಲ್ ಲಾಕ್ ಸರಿಯಾಗಿ ನಡೆಯದೆ ಡೇಟಾಬೇಸ್ ಕೆಡಬಹುದು. ನೂರಾರು ಮಾನಿಟರ್ ಹಾಕುವವರು ಮರಿಯಾಡಿಬಿ ಡೇಟಾಬೇಸ್ ಜೊತೆ ಓಡುವ 2ನೇ ಆವೃತ್ತಿಯನ್ನು ನೋಡಬಹುದು.

ನೆಟ್‌ಡೇಟಾ ಮತ್ತು ಬೆಝೆಲ್: ಒಳಗಿನ ನೋಟ

ನೆಟ್‌ಡೇಟಾ ಏಜೆಂಟ್ ಹಾಕಿದ ಕೆಲವೇ ನಿಮಿಷಗಳಲ್ಲಿ ಪೋರ್ಟ್ 19999ರಲ್ಲಿ ನೂರಾರು ಗ್ರಾಫ್ ಕಾಣುತ್ತವೆ. ಸೆಕೆಂಡಿಗೊಂದು ಅಂಕಿ. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಡೇಟಾಬೇಸ್‌ಗಳಾದ ಪೋಸ್ಟ್‌ಗ್ರೆಸ್, ರೆಡಿಸ್ ಏನಿದ್ದರೂ ಬಹಳಷ್ಟನ್ನು ತಾನೇ ಪತ್ತೆ ಮಾಡುತ್ತದೆ. ಹತ್ತು ಸೆಕೆಂಡ್ ಮಾತ್ರ ಬಂದು ಹೋಗುವ ತೊಂದರೆ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ನಿಮಿಷಕ್ಕೊಮ್ಮೆ ಅಳೆಯುವ ಆ್ಯಪ್‌ನಲ್ಲಿ ಅಂಥ ತೊಂದರೆ ಸರಾಸರಿಯೊಳಗೆ ಕರಗಿಹೋಗುತ್ತದೆ.

ಆದರೆ ಅದರ ಸಿದ್ಧ ಅಲರ್ಟ್‌ಗಳು ತುಂಬಾ. ಬಂದ ಹಾಗೇ ಬಿಟ್ಟರೆ ಫೋನು ಸುಮ್ನಿರುವುದಿಲ್ಲ. ನಿಮಗೆ ಬೇಡದ್ದನ್ನು ಮೊದಲ ದಿನವೇ ಮುಚ್ಚಲು ಒಂದು ಗಂಟೆ ತೆಗೆದಿಡಿ. ಲೈಸೆನ್ಸ್ ಬಗ್ಗೆ ಕಾಳಜಿ ಇರುವವರಿಗೆ ಒಂದು ಮಾತು: ಏಜೆಂಟ್ ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್ ಅಡಿಯಲ್ಲಿದೆ, ಹೊಸ ಡ್ಯಾಶ್‌ಬೋರ್ಡ್ ಮಾತ್ರ ಓಪನ್ ಸೋರ್ಸ್ ಅಲ್ಲ.

ಬೆಝೆಲ್ 2024ರಲ್ಲಿ ಬಂದದ್ದು. ಒಂದು ಹಬ್ (ಅಂಕಿಗಳು ಬಂದು ಸೇರುವ ಕೇಂದ್ರ), ಪ್ರತಿ ಸರ್ವರ್‌ಗೆ ಒಂದು ಪುಟ್ಟ ಏಜೆಂಟ್. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್, ಡಾಕರ್ ಕಂಟೇನರ್‌ಗಳ ಬಳಕೆ, ಇಷ್ಟನ್ನು ತೋರಿಸುತ್ತದೆ. ಮಿತಿ ದಾಟಿದರೆ ತಿಳಿಸುತ್ತದೆ. ಅಷ್ಟೇ. ಆ "ಅಷ್ಟೇ" ಎಷ್ಟೋ ಜನರಿಗೆ ಸಾಕು. ಐದಾರು ಸರ್ವರ್ ಇರುವವರು ಕೂಮಾ ಮತ್ತು ಬೆಝೆಲ್ ಎರಡನ್ನೂ ಒಂದೇ ಚಿಕ್ಕ ಯಂತ್ರದಲ್ಲಿ ಅಕ್ಕಪಕ್ಕ ಓಡಿಸಿದರೆ ಮೊದಲೆರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಯಾರಾದರೂ ನನ್ನನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಹೇಳುವುದು ಈ ಜೋಡಿಯನ್ನೇ.

ಪ್ರೊಮೀಥಿಯಸ್ ಮತ್ತು ಗ್ರಫಾನಾ

ಈಗ ದೊಡ್ಡವುಗಳ ಕಡೆ ಬರೋಣ. ಪ್ರೊಮೀಥಿಯಸ್ ಶುರುವಾಗಿದ್ದು 2012ರಲ್ಲಿ, ಸೌಂಡ್‌ಕ್ಲೌಡ್ ಕಂಪನಿಯೊಳಗೆ. 2016ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ ಸೇರಿತು. ಅಲ್ಲಿ ಕುಬರ್ನೆಟಿಸ್ (ಬಹಳಷ್ಟು ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ನಂತರ ಸೇರಿದ ಎರಡನೇ ಪ್ರಾಜೆಕ್ಟ್ ಇದೇ. ಕುಬರ್ನೆಟಿಸ್ ಬಳಸುವವರಿಗೆ ಇದು ಬಹುತೇಕ ತಾನಾಗಿಯೇ ಬರುವ ಆಯ್ಕೆ.

ಇದು ಒಂದೇ ಆ್ಯಪ್ ಅಲ್ಲ ಅನ್ನುವುದು ಮೊದಲು ತಿಳಿದಿರಲಿ. ಪ್ರತಿ ಸರ್ವರ್ ಮೇಲೆ ನೋಡ್ ಎಕ್ಸ್‌ಪೋರ್ಟರ್ ಪೋರ್ಟ್ 9100ರಲ್ಲಿ ಅಂಕಿಗಳನ್ನು ಪಠ್ಯವಾಗಿ ತೋರಿಸುತ್ತದೆ. ಪ್ರೊಮೀಥಿಯಸ್ ಅವನ್ನು ನಿಗದಿತ ಸಮಯಕ್ಕೊಮ್ಮೆ ಬಂದು ಓದಿ ಕೂಡಿಡುತ್ತದೆ. ಅಲರ್ಟ್ ನಿಯಮ ನಿಜವಾದರೆ ಸುದ್ದಿಯನ್ನು ಪೋರ್ಟ್ 9093ರ ಅಲರ್ಟ್‌ಮ್ಯಾನೇಜರ್‌ಗೆ ಕೊಡುತ್ತದೆ. ಅದು ಗುಂಪು ಮಾಡಿ ನಿಮಗೆ ಕಳಿಸುತ್ತದೆ. ಗ್ರಾಫ್ ನೋಡಲು ಪೋರ್ಟ್ 3000ರಲ್ಲಿ ಗ್ರಫಾನಾ. ಸೈಟ್‌ಗಳನ್ನು ಹೊರಗಿನಿಂದ ತಟ್ಟಲು ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಅಂತ ಇನ್ನೊಂದು. ಐದು ತುಂಡು, ಐದು ಕಡೆ ಅಪ್‌ಡೇಟ್.

ಇಷ್ಟು ಶ್ರಮಕ್ಕೆ ಸಿಗುವುದೇನು? ಪ್ರಾಮ್‌ಕ್ಯೂಎಲ್ ಅನ್ನುವ ಕ್ವೆರಿ ಭಾಷೆ. ಅಲರ್ಟ್ ದೃಷ್ಟಿಯಿಂದ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಡಿಸ್ಕ್ 80 ಶೇಕಡಾ ದಾಟಿದರೆ ಹೇಳು ಅನ್ನುವುದು ಮಾಮೂಲಿ ನಿಯಮ. ಆದರೆ ದೊಡ್ಡ ಡಿಸ್ಕ್ ಒಂದು ವರ್ಷದಿಂದ 82ರಲ್ಲೇ ನಿಂತಿರಬಹುದು, ಅದಕ್ಕೆ ರಾತ್ರಿ ಎಬ್ಬಿಸುವ ಅಗತ್ಯವಿಲ್ಲ. ಇನ್ನೊಂದು ಡಿಸ್ಕ್ ಯಾವುದೋ ಲಾಗ್ ಹುಚ್ಚೆದ್ದು ಬೆಳೆದು 40ರಿಂದ ನೂರಕ್ಕೆ ಮೂರು ಗಂಟೆಯಲ್ಲಿ ಏರಬಹುದು. ಪ್ರೊಮೀಥಿಯಸ್‌ನ ಪ್ರೆಡಿಕ್ಟ್ ಲೀನಿಯರ್ ಅನ್ನುವ ಫಂಕ್ಷನ್ ಕಳೆದ ಕೆಲವು ಗಂಟೆಗಳ ಏರಿಕೆ ನೋಡಿ, ಇದೇ ವೇಗದಲ್ಲಿ ಹೋದರೆ ನಾಲ್ಕು ಗಂಟೆಯಲ್ಲಿ ಜಾಗ ಸೊನ್ನೆಯಾಗುತ್ತದಾ ಅಂತ ಲೆಕ್ಕ ಹಾಕುತ್ತದೆ. ಮೊದಲ ಡಿಸ್ಕ್ ಬಗ್ಗೆ ಸುಮ್ಮನಿದ್ದು, ಎರಡನೆಯದರ ಬಗ್ಗೆ ಸಮಯ ಇರುವಾಗಲೇ ಕೂಗುತ್ತದೆ. ಒಳ್ಳೆಯ ಅಲರ್ಟ್ ಅಂದರೆ ಇದು.

ಜಾಗ ಎಷ್ಟು ಬೇಕು ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಮಾಡೋಣ. ಒಂದು ಸರ್ವರ್‌ನಿಂದ 1,000 ಬಗೆಯ ಅಂಕಿಗಳು, 15 ಸೆಕೆಂಡಿಗೊಮ್ಮೆ. ಒಂದೊಂದಕ್ಕೂ ದಿನಕ್ಕೆ 5,760 ಸ್ಯಾಂಪಲ್. ಒಂದು ಸ್ಯಾಂಪಲ್‌ಗೆ ಸರಾಸರಿ 1ರಿಂದ 2 ಬೈಟ್ ಹಿಡಿಯುತ್ತದೆ. 2 ಅಂತಲೇ ಇಟ್ಟುಕೊಂಡರೆ ದಿನಕ್ಕೆ ಸುಮಾರು 11.5 ಎಂಬಿ, ವರ್ಷಕ್ಕೆ 4.2 ಜಿಬಿ. ಹತ್ತು ಸರ್ವರ್‌ಗೆ 42 ಜಿಬಿ. ಹೆದರುವಂಥದ್ದೇನಲ್ಲ. ಆದರೆ ನೀವು ಬದಲಿಸದಿದ್ದರೆ ಪ್ರೊಮೀಥಿಯಸ್ ಇಡುವುದು 15 ದಿನದ ಅಂಕಿಗಳನ್ನು ಮಾತ್ರ. ಇತಿಹಾಸಕ್ಕಾಗಿಯೇ ಇದನ್ನು ಆರಿಸಿ, ಆರು ತಿಂಗಳ ನಂತರ ಹಳೆಯ ಗ್ರಾಫ್ ಹುಡುಕಿದಾಗ ಖಾಲಿ ಕಾಣುವುದು ಬೇಡ. ಮೊದಲ ದಿನವೇ ಆ ಅವಧಿಯನ್ನು ಏರಿಸಿಡಿ.

ಗ್ರಫಾನಾದಲ್ಲಿ ಡ್ಯಾಶ್‌ಬೋರ್ಡ್ ಸೊನ್ನೆಯಿಂದ ಕಟ್ಟಲು ಕೂರಬೇಡಿ. ಅವರ ಸಂಗ್ರಹದಲ್ಲಿ 1860 ನಂಬರಿನ ಡ್ಯಾಶ್‌ಬೋರ್ಡ್ ನೋಡ್ ಎಕ್ಸ್‌ಪೋರ್ಟರ್‌ಗೆಂದೇ ಮಾಡಿದ್ದು. ಆ ನಂಬರ್ ಹಾಕಿ ಇಂಪೋರ್ಟ್ ಮಾಡಿದರೆ ಸಾಕು.

ಝಬಿಕ್ಸ್

ಝಬಿಕ್ಸ್ ಹಳೆಯದು. ಮೊದಲ ಸಾರ್ವಜನಿಕ ಬಿಡುಗಡೆ 2001ರಲ್ಲಿ. ಇದರ ಮನೋಭಾವವೇ ಬೇರೆ. ಪ್ರೊಮೀಥಿಯಸ್ ಕಾನ್ಫಿಗ್ ಫೈಲ್ ಬರೆಯುವವರಿಗಾಗಿ ಮಾಡಿದ್ದು. ಝಬಿಕ್ಸ್ ವೆಬ್ ಪುಟದಲ್ಲಿ ಕ್ಲಿಕ್ ಮಾಡಿ ನಡೆಸುವವರಿಗಾಗಿ ಮಾಡಿದ್ದು. ಹೋಸ್ಟ್ (ನಿಗಾದಲ್ಲಿಡುವ ಯಂತ್ರ) ಸೇರಿಸುವುದು, ಟೆಂಪ್ಲೇಟ್ ಅಂಟಿಸುವುದು, ಯಾರಿಗೆ ಅಲರ್ಟ್ ಹೋಗಬೇಕು ಅನ್ನುವುದು, ಎಲ್ಲವೂ ವೆಬ್‌ನಲ್ಲೇ. ಹಿಂದೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಪಿಎಚ್‌ಪಿ ಪುಟಗಳು.

ಬರೀ ಲಿನಕ್ಸ್ ಸರ್ವರ್ ಇದ್ದರೆ ಎರಡರಲ್ಲಿ ಯಾವುದಾದರೂ ಆದೀತು. ಆದರೆ ನಿಮ್ಮಲ್ಲಿ ವಿಂಡೋಸ್ ಸರ್ವರ್, ನೆಟ್‌ವರ್ಕ್ ಸ್ವಿಚ್, ರೌಟರ್, ಯುಪಿಎಸ್ ಎಲ್ಲ ಕಲೆತಿದ್ದರೆ ಝಬಿಕ್ಸ್ ಸುಲಭ. ಇಂಥ ಉಪಕರಣಗಳಿಂದ ಅಂಕಿ ಓದುವ ಎಸ್‌ಎನ್‌ಎಂಪಿ ಪದ್ಧತಿ ಅದಕ್ಕೆ ಹುಟ್ಟಿನಿಂದ ಬಂದ ಹಾಗೆ. ಪ್ರೊಮೀಥಿಯಸ್‌ನಲ್ಲೂ ಎಸ್‌ಎನ್‌ಎಂಪಿ ಓದಬಹುದು, ಆದರೆ ಅದರ ಕಾನ್ಫಿಗ್ ತಯಾರಿಸುವುದು ತಲೆನೋವು.

ಅಲರ್ಟ್ ವಿಷಯದಲ್ಲಿ ಝಬಿಕ್ಸ್‌ಗೆ ಎರಡು ದೊಡ್ಡ ಬಲಗಳಿವೆ. ಒಂದು, ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಮೊದಲು ಪಾಳಿಯಲ್ಲಿರುವವರಿಗೆ ಸಂದೇಶ ಹೋಗುತ್ತದೆ. ಇಷ್ಟು ನಿಮಿಷದಲ್ಲಿ ಅವರು ನೋಡಿದ್ದೇನೆ ಅಂತ ಒಪ್ಪಿಕೊಳ್ಳದಿದ್ದರೆ ಮೇಲಿನವರಿಗೆ ಹೋಗುತ್ತದೆ. ಇದು ಆ್ಯಪ್ ಒಳಗೇ ಇದೆ, ಬೇರೆ ಸೇವೆ ಬೇಕಿಲ್ಲ. ಇನ್ನೊಂದು, ಅವಲಂಬನೆ. ರೌಟರ್ ಬಿದ್ದರೆ ಅದರ ಹಿಂದಿನ ಮೂವತ್ತು ಸರ್ವರ್‌ಗಳಿಗೂ ಪ್ರತ್ಯೇಕ ಅಲರ್ಟ್ ಬರಬಾರದು. ಈ ಟ್ರಿಗರ್ (ಅಲರ್ಟ್ ಹುಟ್ಟಿಸುವ ನಿಯಮ) ಆ ಟ್ರಿಗರ್ ಮೇಲೆ ನಿಂತಿದೆ ಅಂತ ಹೇಳಿಟ್ಟರೆ ರೌಟರ್‌ದು ಮಾತ್ರ ಬರುತ್ತದೆ. ಪ್ರೊಮೀಥಿಯಸ್ ಕಡೆ ಅಲರ್ಟ್‌ಮ್ಯಾನೇಜರ್‌ನಲ್ಲೂ ಇದಕ್ಕೆ ದಾರಿ ಇದೆ, ಆದರೆ ಲೇಬಲ್‌ಗಳನ್ನು ಮೊದಲೇ ಜಾಣತನದಿಂದ ಇಟ್ಟಿರಬೇಕು.

ಝಬಿಕ್ಸ್ ಕಷ್ಟ ಕೊಡುವುದು ಡೇಟಾಬೇಸ್ ಬೆಳೆದಾಗ. ಹಳೆಯ ಅಂಕಿಗಳನ್ನು ಅಳಿಸುವ ಹೌಸ್‌ಕೀಪರ್ ಅನ್ನುವ ಕೆಲಸ ದೊಡ್ಡ ಟೇಬಲ್ ಮೇಲೆ ಓಡುವಾಗ ಡೇಟಾಬೇಸ್ ಏದುಸಿರು ಬಿಡುತ್ತದೆ. ಪೋಸ್ಟ್‌ಗ್ರೆಸ್ ಜೊತೆ ಟೈಮ್‌ಸ್ಕೇಲ್‌ಡಿಬಿ ಅನ್ನುವ ಅದರ ವಿಸ್ತರಣೆ ಹಾಕಿದರೆ ಈ ಸಮಸ್ಯೆ ಬಹಳ ಕಡಿಮೆ. ನೂರು ಹೋಸ್ಟ್ ದಾಟುವ ಅಂದಾಜಿದ್ದರೆ ಮೊದಲಿನಿಂದಲೇ ಹೀಗೆ ಮಾಡಿ. ತುಂಬಿದ ಮೇಲೆ ಬದಲಿಸುವುದು ಬೇಡಪ್ಪಾ ಅನಿಸುವ ಕೆಲಸ. ದೀರ್ಘ ಇತಿಹಾಸವನ್ನು ಅದು ಟ್ರೆಂಡ್ ಆಗಿ ಇಡುತ್ತದೆ, ಅಂದರೆ ಗಂಟೆಗೊಂದು ಕನಿಷ್ಠ, ಸರಾಸರಿ, ಗರಿಷ್ಠ. ವರ್ಷದ ಗ್ರಾಫ್‌ಗೆ ಅಷ್ಟು ಸಾಕು.

ಹಾಗಾದರೆ ಎರಡರಲ್ಲಿ ಯಾವುದು? ಸರ್ವರ್‌ಗಳು ಹುಟ್ಟುತ್ತಾ ಸಾಯುತ್ತಾ ಇದ್ದರೆ, ಕಂಟೇನರ್‌ಗಳೇ ಜಾಸ್ತಿ ಇದ್ದರೆ, ನಿಮ್ಮದೇ ಪ್ರೋಗ್ರಾಂ ಒಳಗಿನ ಅಂಕಿಗಳೂ ಬೇಕಿದ್ದರೆ ಪ್ರೊಮೀಥಿಯಸ್. ಯಂತ್ರಗಳು ವರ್ಷಗಟ್ಟಲೆ ಅಲ್ಲೇ ಇರುವಂಥವಾದರೆ, ಬಗೆಬಗೆಯ ಉಪಕರಣ ಇದ್ದರೆ, ಪಾಳಿಯಲ್ಲಿ ಹಲವರು ಕೆಲಸ ಮಾಡುತ್ತಿದ್ದರೆ ಝಬಿಕ್ಸ್. ಇದರಲ್ಲಿ ನನಗೆ ಅನುಮಾನವಿಲ್ಲ.

ಇನ್ನುಳಿದವು

ನಾಗಿಯೋಸ್ 1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಶುರುವಾದದ್ದು. ಅದರ ಪ್ಲಗಿನ್ ಪದ್ಧತಿ ಇಂದಿಗೂ ಹಲವು ಆ್ಯಪ್‌ಗಳಲ್ಲಿ ಬದುಕಿದೆ. ಈಗಾಗಲೇ ಚೆನ್ನಾಗಿ ಓಡುತ್ತಿದ್ದರೆ ಕಿತ್ತುಹಾಕಬೇಡಿ. ಹೊಸದಾಗಿ ಹಾಕುವವರು ಅದರಿಂದಲೇ ಕವಲೊಡೆದ ಐಸಿಂಗಾ ನೋಡಬಹುದು. ಮುನಿನ್ ಐದು ನಿಮಿಷಕ್ಕೊಮ್ಮೆ ಗ್ರಾಫ್ ಬರೆಯುತ್ತದೆ. ಸರಳ, ಆದರೆ ಅಲರ್ಟ್ ಅದರ ಬಲವಲ್ಲ.

ಕಾಕ್‌ಪಿಟ್ ಬಗ್ಗೆ ಒಂದು ಗೊಂದಲ ಇದೆ. ಅದು ನೋಡಲು ನಿಗಾ ಆ್ಯಪ್ ಹಾಗೇ ಕಾಣುತ್ತದೆ. ನಿಜವಾಗಿ ಅದು ಬ್ರೌಸರ್‌ನಿಂದ ಸರ್ವರ್ ನಡೆಸುವ ಸಾಧನ. ಸರ್ವೀಸ್ ಮತ್ತೆ ಶುರು ಮಾಡಲು, ಲಾಗ್ ಓದಲು, ಅಪ್‌ಡೇಟ್ ಹಾಕಲು ಬಹಳ ಒಳ್ಳೆಯದು. ಯಾರೂ ತೆರೆಯದಿದ್ದಾಗ ಅದು ಓಡುವುದೂ ಇಲ್ಲ, ಹಾಗಾಗಿ ಅದರಿಂದ ಅಲರ್ಟ್ ನಿರೀಕ್ಷಿಸುವಂತಿಲ್ಲ. ಅಂದಹಾಗೆ, ಕಾಕ್‌ಪಿಟ್ ಮತ್ತು ಪ್ರೊಮೀಥಿಯಸ್ ಎರಡರದ್ದೂ ಮೂಲ ಪೋರ್ಟ್ 9090. ಒಂದೇ ಯಂತ್ರದಲ್ಲಿ ಎರಡೂ ಹಾಕಿದರೆ ಒಂದು ಮೇಲೇಳುವುದಿಲ್ಲ.

ಯಾರು ಯಾರನ್ನು ಕರೆಯಬೇಕು?

ನಿಗಾ ಸರ್ವರ್ ಏಜೆಂಟ್ ಕಡೆ ಹೋಗಿ ಅಂಕಿ ಕೇಳುವುದು ಒಂದು ದಾರಿ. ಏಜೆಂಟೇ ನಿಗಾ ಸರ್ವರ್‌ಗೆ ಕಳಿಸುವುದು ಇನ್ನೊಂದು. ಇದು ಕೇಳಲು ಚಿಕ್ಕ ವಿಷಯ, ಅಲ್ವಾ? ಆದರೆ ಎಷ್ಟೋ ಸಲ ಆಯ್ಕೆಯನ್ನು ತೀರ್ಮಾನಿಸುವುದೇ ಇದು.

ನಿಮ್ಮ ಸರ್ವರ್ ಎನ್‌ಎಟಿ (ಹಲವು ಯಂತ್ರಗಳು ಒಂದೇ ಹೊರ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಹಿಂದೆ ಇದ್ದು, ಹೊರಗಿನಿಂದ ಒಳಗೆ ಬರುವ ದಾರಿಯೇ ಇಲ್ಲದಿದ್ದರೆ ಮೊದಲ ದಾರಿ ನಡೆಯುವುದಿಲ್ಲ. ಪ್ರೊಮೀಥಿಯಸ್ ಸ್ವಭಾವತಃ ಹೋಗಿ ಕೇಳುವಂಥದ್ದು. ಝಬಿಕ್ಸ್‌ನಲ್ಲಿ ಎರಡೂ ಇದೆ. ಪ್ಯಾಸಿವ್ ಏಜೆಂಟ್ ಪೋರ್ಟ್ 10050ರಲ್ಲಿ ಕಾಯುತ್ತದೆ. ಆ್ಯಕ್ಟಿವ್ ಏಜೆಂಟ್ ತಾನೇ ಹೊರಟು ಸರ್ವರ್‌ನ 10051ಕ್ಕೆ ಕಳಿಸುತ್ತದೆ. ಕೂಮಾದಲ್ಲೂ ಪುಶ್ ಮಾನಿಟರ್ ಇದೆ. ಅದು ಒಂದು ವಿಳಾಸ ಕೊಡುತ್ತದೆ, ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಕೆಲಸ ಮುಗಿದ ಮೇಲೆ ಆ ವಿಳಾಸಕ್ಕೆ ಒಂದು ಕರೆ ಮಾಡಬೇಕು. ಸಮಯಕ್ಕೆ ಕರೆ ಬರದಿದ್ದರೆ ಅಲರ್ಟ್. ರಾತ್ರಿಯ ಬ್ಯಾಕಪ್ ಸದ್ದಿಲ್ಲದೆ ನಿಂತಿರುವುದನ್ನು ಹಿಡಿಯಲು ಇದಕ್ಕಿಂತ ಸರಳ ಉಪಾಯ ಇಲ್ಲ.

ಹೋಗಿ ಕೇಳುವುದರಲ್ಲೂ ಒಂದು ಲಾಭ ಇದೆ. ಉತ್ತರ ಬರದಿದ್ದರೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಎನ್‌ಎಟಿ ಸಮಸ್ಯೆಯನ್ನು ವೈರ್‌ಗಾರ್ಡ್ ಅನ್ನುವ ವಿಪಿಎನ್‌ನಿಂದ ಬಗೆಹರಿಸಿ, ಎಲ್ಲ ಯಂತ್ರಗಳನ್ನೂ ಒಂದು ಖಾಸಗಿ ಜಾಲದಲ್ಲಿ ತಂದು ನಿಲ್ಲಿಸುವುದು ನನಗೆ ಇಷ್ಟವಾದ ದಾರಿ. 2020ರ 5.6 ಆವೃತ್ತಿಯಿಂದ ವೈರ್‌ಗಾರ್ಡ್ ಲಿನಕ್ಸ್ ಕರ್ನಲ್ ಒಳಗೇ ಇದೆ.

ವೆಬ್ ಪುಟವನ್ನು ಬಯಲಿಗೆ ಬಿಡಬೇಡಿ

ನಿಗಾ ಆ್ಯಪ್‌ನಲ್ಲಿ ನಿಮ್ಮ ಎಲ್ಲ ಸರ್ವರ್‌ಗಳ ಪಟ್ಟಿ ಇದೆ, ಒಳಗಿನ ವಿಳಾಸಗಳಿವೆ, ಕೆಲವೊಮ್ಮೆ ಪಾಸ್‌ವರ್ಡ್‌ಗಳೂ ಇವೆ. ಇದನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡುವುದು ಅಪಾಯ. ಇದು ಸುಮ್ನೆ ಹೆದರಿಸುವ ಮಾತಲ್ಲ. 2021ರ ಡಿಸೆಂಬರ್‌ನಲ್ಲಿ ಗ್ರಫಾನಾ 8ರಲ್ಲಿ ಲಾಗಿನ್ ಇಲ್ಲದೆಯೇ ಸರ್ವರ್‌ನ ಫೈಲ್‌ಗಳನ್ನು ಓದಬಹುದಾದ ದೋಷ ಬಯಲಾಯಿತು. 2022ರಲ್ಲಿ ಝಬಿಕ್ಸ್‌ನಲ್ಲಿ ಸ್ಯಾಮ್ಲ್ (ಒಂದೇ ಖಾತೆಯಿಂದ ಹಲವು ಆ್ಯಪ್‌ಗಳಿಗೆ ಪ್ರವೇಶಿಸುವ ಪದ್ಧತಿ) ಲಾಗಿನ್ ಬಳಸುವವರ ವೆಬ್ ಪುಟಕ್ಕೆ ಪಾಸ್‌ವರ್ಡ್ ಇಲ್ಲದೆ ನುಗ್ಗಬಹುದಾದ ದೋಷ ಸಿಕ್ಕಿತು. ಎರಡಕ್ಕೂ ಬೇಗ ಪರಿಹಾರ ಬಂತು. ಆದರೆ ಪುಟ ವಿಪಿಎನ್ ಹಿಂದೆ ಇದ್ದವರು ನಿಧಾನವಾಗಿ ಅಪ್‌ಡೇಟ್ ಮಾಡುವಷ್ಟು ನೆಮ್ಮದಿ ಪಡೆದಿದ್ದರು.

ಡಾಕರ್ ಬಳಸುವವರಿಗೆ ಒಂದು ಗುಂಡಿ ಇದೆ, ಬೀಳಬೇಡಿ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ 3001 ಮುಚ್ಚಿದ್ದೇನೆ ಅಂದುಕೊಂಡಿರುತ್ತೀರಿ. ಡಾಕರ್ ಪೋರ್ಟ್ ಪ್ರಕಟಿಸುವಾಗ ತನ್ನದೇ ಐಪಿಟೇಬಲ್ಸ್ (ಲಿನಕ್ಸ್ ಕರ್ನಲ್‌ನ ಫೈರ್‌ವಾಲ್) ನಿಯಮ ಹಾಕುತ್ತದೆ. ಅದು ಯುಎಫ್‌ಡಬ್ಲ್ಯು ನಿಯಮಕ್ಕಿಂತ ಮೊದಲೇ ಹಿಡಿಯುತ್ತದೆ, ಪೋರ್ಟ್ ಹೊರಗೆ ತೆರೆದೇ ಇರುತ್ತದೆ. ಡಾಕರ್‌ನ ಕಂಪೋಸ್ ಫೈಲ್‌ನಲ್ಲಿ ಪೋರ್ಟ್ ಬರೆಯುವಾಗ ಬರೀ 3001:3001 ಬದಲು 127.0.0.1:3001:3001 ಅಂತ ಬರೆಯಿರಿ, ಆಗ ಪುಟ ಆ ಯಂತ್ರದೊಳಗಿನಿಂದ ಮಾತ್ರ ತೆರೆಯುತ್ತದೆ. ಅದರ ಮುಂದೆ, ಬಂದವರನ್ನು ಒಳಗೆ ದಾಟಿಸುವ ವೆಬ್ ಸರ್ವರ್ ಆಗಿ ಕ್ಯಾಡಿ ಅಥವಾ ಎನ್‌ಜಿನ್‌ಎಕ್ಸ್ ನಿಲ್ಲಿಸಿ. ಕ್ಯಾಡಿ ಸರ್ಟಿಫಿಕೇಟ್ ತಾನೇ ತರುತ್ತದೆ. ಎನ್‌ಜಿನ್‌ಎಕ್ಸ್ ಆದರೆ ಕೂಮಾಗೆ ವೆಬ್‌ಸಾಕೆಟ್ (ಸದಾ ತೆರೆದಿರುವ ಸಂಪರ್ಕ) ಬೇಕು, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಮುಂದೆ ಕಳಿಸುವ ಸಾಲು ಸೇರಿಸಿ. ಇಲ್ಲದಿದ್ದರೆ ಪುಟ ಬರುತ್ತದೆ, ಒಳಗೆ ಏನೂ ತುಂಬುವುದಿಲ್ಲ.

ನೋಡ್ ಎಕ್ಸ್‌ಪೋರ್ಟರ್‌ಗೆ ನೀವಾಗಿ ಹಾಕದಿದ್ದರೆ ಯಾವ ಪಾಸ್‌ವರ್ಡ್ ಕೂಡ ಇರುವುದಿಲ್ಲ. 9100 ಪೋರ್ಟ್ ನಿಗಾ ಸರ್ವರ್‌ಗೆ ಮಾತ್ರ ಕಾಣಬೇಕು. ಗ್ರಫಾನಾ, ಝಬಿಕ್ಸ್ ಎರಡೂ ಎಲ್ಲರಿಗೂ ಗೊತ್ತಿರುವ ಸಿದ್ಧ ಪಾಸ್‌ವರ್ಡ್ ಜೊತೆ ಬರುತ್ತವೆ, ಮೊದಲ ಲಾಗಿನ್‌ನಲ್ಲೇ ಬದಲಿಸಿ.

ಏನಕ್ಕೆ ಅಲರ್ಟ್ ಹಾಕಬೇಕು?

ಆ್ಯಪ್ ಯಾವುದಾದರೂ ಇರಲಿ, ಕೆಟ್ಟ ಅಲರ್ಟ್ ಅದನ್ನು ನಿರುಪಯೋಗಿ ಮಾಡುತ್ತದೆ. ಬೇಡದ ಅಲರ್ಟ್ ದಿನವೂ ಬಂದರೆ ಜನ ನೋಡುವುದನ್ನೇ ಬಿಡುತ್ತಾರೆ, ನಿಜವಾದದ್ದು ಬಂದಾಗಲೂ ನೋಡುವುದಿಲ್ಲ.

ಮೆಮೊರಿಯನ್ನೇ ನೋಡಿ. ಖಾಲಿ ಮೆಮೊರಿ ಕಡಿಮೆ ಅಂತ ಅಲರ್ಟ್ ಹಾಕಿದರೆ ಲಿನಕ್ಸ್‌ನಲ್ಲಿ ಅದು ಸದಾ ಕೂಗುತ್ತದೆ. ಉಳಿದ ಮೆಮೊರಿಯನ್ನು ಕರ್ನಲ್ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಅದು ಸಹಜ. ನೋಡಬೇಕಾದದ್ದು ಲಭ್ಯ ಮೆಮೊರಿ, ಅಂದರೆ ಮೆಮ್‌ಅವೈಲಬಲ್ ಅನ್ನುವ ಅಂಕಿ. ಲೋಡ್ ಆವರೇಜ್ (ಓಡುತ್ತಿರುವ, ಸರದಿಗೆ ಕಾಯುತ್ತಿರುವ ಕೆಲಸಗಳ ಸರಾಸರಿ) 8 ಅಂದರೆ ಎಂಟು ಕೋರ್ ಯಂತ್ರಕ್ಕೆ ಸರಿ, ಎರಡು ಕೋರ್‌ಗೆ ಕಷ್ಟ. ಕೋರ್ ಸಂಖ್ಯೆಗೆ ಭಾಗಿಸಿ ನೋಡಿ. ಡಿಸ್ಕ್‌ನಲ್ಲಿ ಜಾಗ ಇದ್ದೂ ಫೈಲ್ ಬರೆಯಲಾಗದಿದ್ದರೆ ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ) ಮುಗಿದಿರಬಹುದು, ಅದಕ್ಕೂ ಒಂದು ಅಲರ್ಟ್ ಇರಲಿ. ಬಾಡಿಗೆ ವರ್ಚುವಲ್ ಮಷೀನ್ ಕಾರಣವಿಲ್ಲದೆ ನಿಧಾನವಾದರೆ ಸ್ಟೀಲ್ ಟೈಮ್ ನೋಡಿ. ಪಕ್ಕದ ಬಾಡಿಗೆದಾರರು ಸಿಪಿಯು ನುಂಗುತ್ತಿರುವುದು ಅಲ್ಲಿ ಕಾಣುತ್ತದೆ.

ಒಂದು ಪರೀಕ್ಷೆ ತಪ್ಪಿದ ಕೂಡಲೇ ಎಬ್ಬಿಸಬಾರದು. ನೆಟ್‌ವರ್ಕ್ ಒಂದು ಕ್ಷಣ ತಡವರಿಸುವುದು ಮಾಮೂಲು. ನಿಮಿಷಕ್ಕೊಮ್ಮೆ ನೋಡಿ, ಸತತ ಮೂರು ಸಲ ತಪ್ಪಿದರೆ ತಿಳಿಸು ಅಂತ ಇಟ್ಟರೆ ಮೂರು ನಾಲ್ಕು ನಿಮಿಷದಲ್ಲಿ ಸುದ್ದಿ ಸಿಗುತ್ತದೆ. ಇದು ತಡವಾ? ನೀವು ಕೊಟ್ಟ ಭರವಸೆ ನೋಡಿ ಹೇಳಬೇಕು. ವರ್ಷದಲ್ಲಿ 99.9 ಶೇಕಡಾ ಸಮಯ ಸೈಟ್ ನಡೆಯುತ್ತದೆ ಅಂದರೆ ಒಟ್ಟು 8 ಗಂಟೆ 45 ನಿಮಿಷ ನಿಲ್ಲುವ ಅವಕಾಶ ಇದೆ, ನಾಲ್ಕು ನಿಮಿಷ ಚಿಂತೆಯಿಲ್ಲ. 99.99 ಅಂದರೆ ವರ್ಷಕ್ಕೆ 52 ನಿಮಿಷ ಮಾತ್ರ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ಪರೀಕ್ಷೆಯ ಅಂತರ 20 ಸೆಕೆಂಡಿಗೆ ಇಳಿಸಬೇಕು.

ಅಲರ್ಟನ್ನು ಎರಡು ಬಗೆ ಮಾಡಿ. ಈಗಲೇ ಏಳಬೇಕಾದದ್ದು ಫೋನಿಗೆ. ಬೆಳಗ್ಗೆ ನೋಡಿದರೆ ಆದೀತು ಅನ್ನುವುದು ಇಮೇಲ್‌ಗೆ. ಇವೆರಡನ್ನೂ ಒಂದೇ ಟೆಲಿಗ್ರಾಂ ಗುಂಪಿಗೆ ಸುರಿಯುವುದು ತುಂಬಾ ಕಡೆ ಕಾಣುವ ತಪ್ಪು.

ಹಾಕಿದ ಮೇಲೆ ಮುರಿದು ನೋಡಿ

ಆ್ಯಪ್ ಆರಿಸಿ, ಸರ್ವರ್‌ಗಳನ್ನು ಸೇರಿಸಿ, ಅಲರ್ಟ್ ಬರೆದಾದ ಮೇಲೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಪರೀಕ್ಷೆಗೆಂದೇ ಇಟ್ಟ ಒಂದು ಸರ್ವರ್‌ನಲ್ಲಿ ಎನ್‌ಜಿನ್‌ಎಕ್ಸ್ ನಿಲ್ಲಿಸಿ. ಫೋನು ಎಷ್ಟು ಹೊತ್ತಿಗೆ ಸದ್ದು ಮಾಡಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಮತ್ತೆ ಶುರು ಮಾಡಿದಾಗ ಸರಿಯಾಯಿತು ಅನ್ನುವ ಸಂದೇಶವೂ ಬರಬೇಕು. ಆಮೇಲೆ ದೊಡ್ಡ ಫೈಲ್ ಒಂದನ್ನು ಸೃಷ್ಟಿಸಿ ಡಿಸ್ಕ್ ತುಂಬಿಸಿ. ಏಜೆಂಟನ್ನು ಕೊಲ್ಲಿ. ಅಂಕಿ ಬರುವುದು ನಿಂತಾಗ ಆ್ಯಪ್ ಕೂಗಬೇಕು, ಹಳೆಯ ಅಂಕಿಯನ್ನೇ ಹಸಿರಾಗಿ ತೋರಿಸುತ್ತಾ ಕೂರಬಾರದು. ಫೋನನ್ನು ಸೈಲೆಂಟ್‌ನಲ್ಲಿಟ್ಟು, ತುರ್ತು ಅಲರ್ಟ್ ಆದರೂ ಸದ್ದು ಮಾಡುತ್ತದಾ ನೋಡಿ.

ಕೊನೆಗೆ ನಿಗಾ ಆ್ಯಪನ್ನೇ ನಿಲ್ಲಿಸಿ. ಯಾರಿಂದಲೂ ಯಾವ ಸುದ್ದಿಯೂ ಬರದಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ ಅಂತ ಅರ್ಥ. ಪ್ರೊಮೀಥಿಯಸ್ ಬಳಸುವವರು ಇದಕ್ಕೆ ಸದಾ ನಿಜವಾಗಿರುವ ಒಂದು ಅಲರ್ಟ್ ಬರೆಯುತ್ತಾರೆ. ಅದು ಹೊರಗಿನ ಇನ್ನೊಂದು ಸೇವೆಗೆ ನಿಯಮಿತವಾಗಿ ಹೋಗುತ್ತಿರುತ್ತದೆ, ಹೋಗುವುದು ನಿಂತರೆ ಆ ಸೇವೆ ನಿಮ್ಮನ್ನು ಕರೆಯುತ್ತದೆ. ಹೆಲ್ತ್‌ಚೆಕ್ಸ್ ಅನ್ನುವ ಓಪನ್ ಸೋರ್ಸ್ ಆ್ಯಪ್ ಇದೇ ಕೆಲಸಕ್ಕೆ ಇದೆ. ಕೂಮಾ ಬಳಸುವವರು ಬೇರೆ ಜಾಗದಲ್ಲಿ ಎರಡನೇ ಕೂಮಾ ಹಾಕಿ, ಒಂದು ಇನ್ನೊಂದನ್ನು ನೋಡುವ ಹಾಗೆ ಮಾಡಬಹುದು. ಎರಡನೆಯದರಲ್ಲಿ ಆ ಒಂದು ಮಾನಿಟರ್ ಇದ್ದರೆ ಸಾಕು.